ಬೋರಮಾವ ತಂದ ಬೇರು

ಬೋರಮಾವ ಹೆಂಗಸರ ಮುಖ ನೋಡಿ ಮಾತಾಡಿದವನಲ್ಲ. ಅಂಗಳದಲ್ಲಿ ನಿಂತು, ಕಣ್ಣನ್ನು ಕುರಿಗಳ ಮೇಲಿಟ್ಟು, "ಮರಿಗೆ ಸಾಲ್ತೈತಾ?" ಎನ್ನುತ್ತಿದ್ದ. ಕೇಳುತ್ತಿದ್ದುದು ಒಳಗಿನ ಬಾಣಂತಿಯ ಹಾಲಿನ ವಿಷಯ. ನಾನೇನು ಕುರೀನಾ ಎಂದು ನಮ್ಮ ಅತ್ತಿಗೆ ಒಮ್ಮೆ ಒಳಗಿನಿಂದಲೇ ಚುಚ್ಚಿದ್ದಕ್ಕೆ, "ಕುರಿ ಆಗಿದ್ರೆ ಇಷ್ಟೊತ್ತಿಗೆ ಎದ್ದು ಮೇಯ್ತಿದ್ದೆ" ಅಂದಿದ್ದ.

ಅವನು ನನ್ನ ಅವ್ವನ ಅಣ್ಣ. ದೊಡ್ಡಉಳ್ಳಾರ್ತಿಯ ಕಾವಲಲ್ಲಿ ಕುರಿ ಮೇಯಿಸುತ್ತಿದ್ದ. ಈದ ಕುರಿಯ ಕೆಚ್ಚಲು ಬತ್ತಿದರೆ ಹಲವು ಮಕ್ಕಳ ತಾಯಿ ಎಂಬ ಬಳ್ಳಿಯ ಬೇರನ್ನು ಅಗೆದು ತಿನ್ನಿಸುತ್ತಿದ್ದ. ಅದೇ ಬೇರು ಅವನ ಕಂಬಳಿಯ ತುದಿಯಲ್ಲಿ ಕಟ್ಟಿಸಿಕೊಂಡು ಬಾಣಂತಿಯರ ಮನೆಗೂ ಬರುತ್ತಿತ್ತು. ಅಗೆದಾಗಲೆಲ್ಲ ಒಂದು ಗಡ್ಡೆಯನ್ನು ಮತ್ತೆ ಮಣ್ಣಿಗೆ ಹಾಕಿ ಮುಚ್ಚುತ್ತಿದ್ದ. ನಾಳೆಯೂ ಈಯುವವರು ಇರುತ್ತಾರಲ್ಲ ಎಂಬುದು ಅವನ ಲೆಕ್ಕ.

ಚೊಚ್ಚಲ ಹೆರಿಗೆಗೆ ನಾನು ಗಂಡನ ಊರು ತಳಕಿನಿಂದ ತವರಿಗೆ ಬಂದಿದ್ದೆ. ಗಂಡುಮಗು ಹುಟ್ಟಿತು, ನನ್ನ ಎದೆಯಲ್ಲಿ ಹಾಲಿಲ್ಲ. ಅವ್ವ ಮೆಂತ್ಯದ ಗಂಜಿ ಕಾಯಿಸಿದಳು, ಬೆಳ್ಳುಳ್ಳಿ ಸುಟ್ಟು ತಿನ್ನಿಸಿದಳು, ಹತ್ತಿಕಾಳು ರುಬ್ಬಿ ಹಿಂಡಿ ಬೆಲ್ಲ ಬೆರೆಸಿ ಕುಡಿಸಿದಳು. ಮಾವ ಬೇರಿನ ಮೇಲೆ ಬೇರು ತಂದ. ಯಾವುದೂ ನನ್ನ ಮೈಗೆ ಹತ್ತಲಿಲ್ಲ. ಮೇಕೆ ಹಾಲಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟರೆ ಮಗು ಕಕ್ಕುತ್ತಿತ್ತು. ಅದರ ಅಳು ದಿನದಿನಕ್ಕೆ ಸಣ್ಣದಾಗುತ್ತ ಬಂತು. ನನಗೆ ಆ ಬೇರಿನ ವಾಸನೆ ಬಂದರೇ ಸಿಟ್ಟು ಬರತೊಡಗಿತು.

ಆಗಲೇ ಮಾವನ ಮಗಳು ನಿಂಗಿಯ ಕೂಸು, ಹುಟ್ಟಿ ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಅವಳ ಎದೆ ಹಾಲು ಕಟ್ಟಿಕೊಂಡು ಕಲ್ಲಾಗಿತ್ತು. ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಹೂವು ಕಟ್ಟಿದ್ದರು. ಮಾವ ಅವಳ ಕೈಹಿಡಿದು ನಮ್ಮ ಮನೆಗೆ ಕರೆತಂದ. ಸತ್ತ ಕೂಸಿನ ಪಾಲಿನ ಹಾಲು ನಮಗೆ ಬೇಡವೆಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಿಂಗಿಯೂ ನನ್ನ ಮಗುವಿನ ಕಡೆ ತಿರುಗಿ ನೋಡಲಿಲ್ಲ.

ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸುವಾಗ ಕುರಿಗಾರರು ಸತ್ತ ಮರಿಯ ಚರ್ಮವನ್ನು ಅದಕ್ಕೆ ಹೊದಿಸುತ್ತಾರೆ. ವಾಸನೆ ಹಿಡಿದು ತಾಯಿ ಮೊಲೆ ಕೊಡುತ್ತದೆ. ನಿಂಗಿ ತನ್ನ ಕೂಸಿನ ಕುಲಾವಿಯನ್ನು ಉಡಿಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಮಾವ ಅದನ್ನು ತೆಗೆದು ನನ್ನ ಮಗನ ತಲೆಗೆ ಕಟ್ಟಿದ. ನಿಂಗಿ ಬಾಗಿ ಮೂಸಿದಳು. ಅವಳ ಕುಪ್ಪಸ ಒದ್ದೆಯಾಯಿತು. ಅವ್ವ ಬಾಗಿಲು ಬಿಟ್ಟಳು.

ಮಗ ಬದುಕಿದ. ಅವನು ಅಂಬಲಿ ಕುಡಿಯುವಂತಾದ ಮೇಲೆ ನಮ್ಮನ್ನು ಕರೆದೊಯ್ಯಲು ತಳಕಿನಿಂದ ಗಾಡಿ ಬಂತು. ಅಷ್ಟರಲ್ಲಿ ನಿಂಗಿ ಅವನನ್ನು ತನ್ನ ಕೂಸಿಗೆ ಇಡಬೇಕೆಂದಿದ್ದ ಹೆಸರಿನಿಂದಲೇ ಕರೆಯುತ್ತಿದ್ದಳು. ಅವಳ ತೋಳಿನಿಂದ ಮಗುವನ್ನು ಬಿಡಿಸಿಕೊಳ್ಳಲು ಅವ್ವ, ನಾನು ಇಬ್ಬರೂ ಕೈಹಾಕಬೇಕಾಯಿತು. ಮಗ ಅತ್ತು ಕೈಚಾಚಿದ್ದೂ ಅವಳ ಕಡೆಗೇ. ನನಗೆ ಹೊಟ್ಟೆ ಉರಿಯಿತು. ಉರಿದಿದ್ದಕ್ಕೆ ನಾಚಿಕೆಯೂ ಆಯಿತು.

ಮಾವ ಗಾಡಿಯ ಜೊತೆ ಊರಾಚೆಯವರೆಗೆ ನಡೆದು ಬಂದ. ಅಂದು ಮೊದಲ ಸಲ ನನ್ನ ಮುಖ ನೋಡಿದ.

"ಕುರಿ ನಾಕು ದಿನಕ್ಕೆ ಮರೀತೈತೆ ತಾಯಿ" ಅಂದ. "ನಿಂಗೀನೂ ಹಂಗೇ ಅಂತ ಎಣಿಸಿಬಿಟ್ಟೆ."

ಎರಡನೆಯ ಹೆರಿಗೆಗೆ ನಾನು ಬರುವಷ್ಟರಲ್ಲಿ ಮಾವ ತೀರಿಹೋಗಿದ್ದ. ಕೂಸು ಹುಟ್ಟಿದ ಮೇಲೆ ಬೇರು ಮಾತ್ರ ಬಂತು, ಅದಕ್ಕಂಟಿದ ಮಣ್ಣು ಕೂಡ ಆರಿರಲಿಲ್ಲ. ತಂದವಳು ನಿಂಗಿ. ಹೊಸ್ತಿಲಾಚೆ ಇಟ್ಟು ನಿಂತಿದ್ದಳು. ಒಳಗೆ ಬಾ ಎಂದು ಕರೆದೆ.

"ಕೂಸಿನ ಮುಖ ತೋರಿಸ್ಬ್ಯಾಡಕ್ಕ" ಎಂದಳು, ಅಂಗಳದ ಕುರಿಗಳನ್ನು ನೋಡುತ್ತ.