ಕಾಲಿಗೆ ಹಚ್ಚಿದ ಎಣ್ಣೆ, ತುಪ್ಪಕ್ಕೆ ಹತ್ತಿದ ನಾತ

ಆ ಎಣ್ಣೆಯ ಸೀಸೆಗೆ, ಆಗ ನಮ್ಮ ಕಡೆ ನಡೆಯುತ್ತಿದ್ದ ಹಾಲಿ ಸಿಕ್ಕ ನಾಣ್ಯದಲ್ಲಿ, ಎರಡು ರೂಪಾಯಿ ಕೊಟ್ಟೆ. ಲಿಂಗಸುಗೂರಿನ ಸಂತೆಯಲ್ಲಿ ಎಣ್ಣೆಯವನು ಹೇಳಿದ್ದು ಐದು. ಐದನ್ನು ಎರಡಕ್ಕೆ ಇಳಿಸಿದ ಖುಷಿಯಲ್ಲಿ ಮುಚ್ಚಳ ತೆಗೆದು ಮೂಸಿ ನೋಡಲಿಲ್ಲ. ನಾನೋ ತುಪ್ಪದ ವ್ಯಾಪಾರದವನು. ಯಾರ ಮನೆಯ ತುಪ್ಪವಾದರೂ ಮುಂಗೈಗೆ ತಿಕ್ಕಿ, ಮೂಸಿ, ಆಮೇಲೆ ದರಕ್ಕೆ ಬರುವವನು. ಚೌಕಾಸಿಯಲ್ಲಿ ಗೆದ್ದವನಿಗೆ ಮೂಗು ಇರುವುದಿಲ್ಲ.

ಕೊಂಡದ್ದು ಕಾಲಿನ ಬಲಕ್ಕೆ. ಸಂತೆಕಲ್ಲೂರು, ಪಾಮನಕಲ್ಲೂರು ಕಡೆ ತುಪ್ಪ ಕೂಡಿಸಿ, ಸೈಕಲ್ಲಿನ ಹಿಂದೆ ಎರಡು ಡಬ್ಬಿ ಕಟ್ಟಿಕೊಂಡು, ಸಿಂಧನೂರಿನ ಒಬ್ಬ ಮಿಠಾಯಿ ಸಾಹುಕಾರನಿಗೆ ಹಾಕುತ್ತಿದ್ದೆ. ಅವನ ಕರಾರು ಒಂದೇ: ಸಿಂಧನೂರು ಸಂತೆಯ ದಿನ ಒಲೆ ಹೊತ್ತಿಸುವ ಮುಂಚೆ ತುಪ್ಪ ಅಂಗಡಿಯಲ್ಲಿರಬೇಕು. ಹಿಂದಿನ ದಿನವೇ ಮಸ್ಕಿಗೆ ಬಂದು ತಂಗಿ ನಸುಕಿನಲ್ಲಿ ಹೊರಟರೂ ನಾಲ್ಕು ಮೈಲಿಗೆ ನನ್ನ ಮೀನಖಂಡ ಕಲ್ಲಾಗುತ್ತಿತ್ತು. ಇಳಿದು ತಳ್ಳಿಕೊಂಡು ಹೋಗಿ ಎರಡು ಸಂತೆ ತಡವಾಯಿತು.

"ಇನ್ನೊಮ್ಮೆ ತಡ ಆತಂದ್ರ ಗಾಡಿಯವನ ಕಡೆ ತರಿಸಿಕೋತೀನಿ ನೋಡಪಾ" ಎಂದ ಸಾಹುಕಾರ. ನಮ್ಮ ಮನೆ ನಡೆಯುತ್ತಿದ್ದುದು ಆ ಒಬ್ಬ ಗಿರಾಕಿಯಿಂದ.

ಲಿಂಗಸುಗೂರಿನ ಆ ಎಣ್ಣೆಯವನು ಬಟ್ಟೆಯ ಮೇಲೆ ದಪ್ಪ ಬಾಲದ ಹಲ್ಲಿಗಳನ್ನು ಮಲಗಿಸಿದ್ದ. ನಡು ಮುರಿದಿದ್ದರಿಂದ ಅವು ಓಡುತ್ತಿರಲಿಲ್ಲ, ಕಣ್ಣಷ್ಟೇ ಮಿಟುಕಿಸುತ್ತಿದ್ದವು. ಪಕ್ಕದ ಬಾಣಲೆಯಲ್ಲಿ ಅವುಗಳದೇ ಕೊಬ್ಬು ಚಿಟಚಿಟ ಎನ್ನುತ್ತಿತ್ತು.

"ಕಾಲಿಗೆ ತಿಕ್ಕ್ರಿ ಸಾವಕಾರ್ರ. ಸೈಕಲ್ ಏನು, ರೈಲ್ ಎಳೀತೀರಿ" ಎಂದ ನನಗೆ.

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ತಿನ್ನುವುದಲ್ಲ, ಹಚ್ಚುವುದು ತಾನೆ ಎಂದು ನನ್ನ ಪರವಾಗಿ ನಾನೇ ವಕೀಲಿ ಮಾಡಿಕೊಂಡೆ.

ಆ ಸಂಜೆ ಹಿತ್ತಲಲ್ಲಿ ಕುಳಿತು ತಿಕ್ಕಿಕೊಂಡೆ. ಸತ್ತ ಇಲಿಯನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿದಂಥ ನಾತ. ರೋಮಕ್ಕೆಲ್ಲ ಗೋಂದಿನಂತೆ ಅಂಟಿತು, ಅದರ ಮೇಲೆ ನೊಣ. ಅವ್ವ ಮೂಗಿಗೆ ಸೆರಗು ಹಿಡಿದು ಬಂದಳು.

"ಇಲ್ಲೆ ಏನರ ಸತ್ತೈತೇನೋ?"

"ಕಾಲಿಗೆ ಎಣ್ಣಿ ಹಚ್ಚೀನಿ ಬೇ."

"ಹಂಗಾರ ಕಾಲು ಹೊರಗಿಟ್ಟು ನೀ ಒಳಗ ಬಾ."

ಕಟ್ಟೆಯ ಮೇಲೆ ಮಲಗಿದೆ. ಕೊಟ್ಟ ದುಡ್ಡು ದಂಡವಾಗಬಾರದೆಂದು ಸಂತೆಯವರೆಗೂ ದಿನಾ ತಿಕ್ಕಿದೆ. ಮಸ್ಕಿಯಲ್ಲಿ ಹೊರಡುವ ಮುಂಚೆಯೂ ಒಮ್ಮೆ ತಿಕ್ಕಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡೆ. ಒಂದು ಡಬ್ಬಿಯ ಬಾಯಿಬಟ್ಟೆ ಸಡಿಲಾಗಿತ್ತು. ಅದನ್ನು ಬಿಚ್ಚಿ ಒಳಗೆ ಒತ್ತಿ ಮತ್ತೆ ಕಟ್ಟಿದೆ. ಅದೇ ಕೈಯಲ್ಲಿ.

ಕಾಲು ಅದೇ ನಾಲ್ಕನೇ ಮೈಲಿಗೆ ಹಿಡಿಯಿತು. ತಳ್ಳುತ್ತಾ, ಕುಂಟುತ್ತಾ, ಗೊರೇಬಾಳ ದಾಟಿದ ಮೇಲೆ ಓಡುತ್ತಾ ಹೋದೆ. ಸಾಹುಕಾರನ ಒಲೆಗೆ ಆಗಷ್ಟೇ ಕಟ್ಟಿಗೆ ಒಟ್ಟುತ್ತಿದ್ದರು. ಅವನು ಮೊದಲ ಡಬ್ಬಿಯ ತುಪ್ಪ ಮುಂಗೈಗೆ ತಿಕ್ಕಿ ಮೂಸಿದ. ನನ್ನನ್ನು ನೋಡಿದ. ಮತ್ತೆ ಮೂಸಿದ.

"ಆಕಳ ತುಪ್ಪ ಅಂದಿಯಲ್ಲಪಾ, ಈ ಆಕಳ ಏನ್ ತಿಂದಿತ್ತು?"

ಒಲೆಯ ಮುಂದಿದ್ದ ಅಡುಗೆಯವನೂ ಮೂಸಿದ. "ಇದರಾಗ ಜಿಲೇಬಿ ಕರದ್ರ ನಾಯಿ ಸೈತ ಮುಟ್ಟಂಗಿಲ್ರೀ."

ನನಗೆ ತಕ್ಷಣ ತಿಳಿಯಿತು. ಎರಡನೇ ಡಬ್ಬಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, "ಅದನ್ನ ನೀವ ಬಿಚ್ಚ್ರೀ. ಅದಕ್ಕ ನನ್ನ ಕೈ ಹತ್ತಿಲ್ಲ" ಎಂದೆ. ಒಳಗೆ ತುಪ್ಪ ಹರಳು ಹರಳಾಗಿ ಘಮ್ಮೆಂದಿತು.

"ಇದೊಂದು ತೊಗೋತೀನಿ. ಮುಂದಿನ ಸಂತಿಗೆ ಎರಡೂ ಚಲೋ ಇರಬೇಕು, ಹೊತ್ತಿಗೂ ಬರಬೇಕು. ಇಲ್ಲಂದ್ರ ಬರಬ್ಯಾಡ. ಮೊದಲ ಆ ಕಾಲು ತೊಳಕೊ" ಎಂದ ಸಾಹುಕಾರ.

ಕೆಟ್ಟ ಡಬ್ಬಿಯನ್ನು ಗೊರೇಬಾಳದ ಗಾಡಿಯವನೊಬ್ಬ ಗಾಲಿಯ ಅಚ್ಚಿಗೆ ಸವರಲು ಕೊಂಡ. ಎತ್ತುಗಳು ಎರಡೂ ಹೊರಳಿ ನೋಡಿದವು. ಸೀಸೆಯನ್ನು ಬೇಲಿಗೆ ಎಸೆದು, ಹಳ್ಳದಲ್ಲಿ ಕುಳಿತು ಮರಳಿನಿಂದ ಕಾಲು ಉಜ್ಜಿದೆ. ಚರ್ಮ ಕೆಂಪಾಯಿತು, ನಾತ ಹೋಗಲಿಲ್ಲ.

ಒಂದು ವಾರದಲ್ಲಿ ಯಾರ ಕಾಲೂ ಬಲಿಯುವುದಿಲ್ಲ. ಆದ್ದರಿಂದ ಮುಂದಿನ ಸಂತೆಗೆ ಕೋಳಿ ಕೂಗುವ ಮುಂಚೆ ಹೊರಟು, ಮೀನಖಂಡ ಬಿಗಿಯುವ ಮೊದಲೇ ಇಳಿದು ನಡೆದು, ಮತ್ತೆ ಹತ್ತಿ, ಹೊತ್ತಿಗೆ ಮುಟ್ಟಿದೆ. ಸಾಹುಕಾರ ಎರಡೂ ಡಬ್ಬಿ ಮೂಸಿ ಒಳಗಿಡಿಸಿದ. ಅಂದಿನಿಂದ ಕಾಲು ಬಲಿಸುವ ಕೆಲಸಕ್ಕೆ ಇಳಿದೆ. ಬೇಸಿಗೆ ಬರುವಷ್ಟರಲ್ಲಿ ಮಸ್ಕಿಯಿಂದ ಸಿಂಧನೂರಿಗೆ ಇಳಿಯದೆ ತುಳಿಯುತ್ತಿದ್ದೆ.

ನೀವೂ ಹೇರು ಹೊತ್ತು ತುಳಿಯುವವರಾದರೆ ಕೇಳಿ, ನಾನು ಕಾಲು ಬಲಿಸಿದ್ದು ಹೀಗೆ. ಮೊದಲು ಸೀಟು ಎತ್ತರಿಸಿ. ಪೆಡಲ್ ಕೆಳಗೆ ಹೋದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಡಬ್ಬಿಯಲ್ಲಿ ಸರಕಿನ ಬದಲು ನೀರು ತುಂಬಿ ಅಭ್ಯಾಸ ಮಾಡಿ: ಮೊದಲು ಕಾಲು ಭಾಗ, ಅದು ಹಗುರೆನಿಸಿದಾಗ ಅರ್ಧ. ಸೋತರೆ ದಾರಿಯಲ್ಲೇ ಚೆಲ್ಲಬಹುದು, ನಷ್ಟವಿಲ್ಲ. ಹೊಟ್ಟೆ ತುಂಬ ರೊಟ್ಟಿ ತಿಂದ ಕೂಡಲೇ ಹತ್ತಬೇಡಿ. ಶೇಂಗಾ, ಬೆಲ್ಲ ಕಿಸೆಯಲ್ಲಿರಲಿ. ಏರು ಬಂದರೆ ಹಟ ಬಿಟ್ಟು ಇಳಿಯಿರಿ. ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳಿ, ಮರುದಿನ ಖಾಲಿ ಸೈಕಲ್ಲನ್ನೇ ತುಳಿಯಿರಿ.