ಕಿಟಕಿಗೆ ಸಿಕ್ಕ ಪರವಾನಗಿ

ಗೆಳೆಯರೇ, ನನ್ನ ಓದುವ ಕೋಣೆಗೆ ಕಿಟಕಿ ಇಡಲು ಇಂದು ಮುನ್ಸಿಪಾಲ್ಟಿಯ ಪರವಾನಗಿ ಸಿಕ್ಕಿತು. ಸೀಮೆಎಣ್ಣೆ ರೇಶನ್ ಆದಮೇಲೆ ಆ ಕತ್ತಲಲ್ಲಿ ಓದಿ ಫಸ್ಟ್ ಇಯರ್ ಪಾಸಾಗುವುದು ಇಂಪಾಸಿಬಲ್ ಎಂದು ಹೆದರಿದ್ದೆ. ನಕಾಶೆ ನಾನೇ ಬರೆದಿದ್ದೆ. ನಾನು ಮೊದಲಿದ್ದ ಹಾಸ್ಟೆಲಿನಂತೆ ಮೇಜಿನ ಮಟ್ಟಕ್ಕೇ ಕಿಟಕಿ ತೋರಿಸಿದ್ದೆ.

ಜಾಗ ನೋಡಲು ಬಂದ ಓವರ್ಸಿಯರ್ ಸಾಹೇಬರು ನಕ್ಕರು. "ತಮ್ಮಾ, ಇದು ಬಾಜೂ ಮನಿ ಅಂಗಳಕ್ಕ ತೆರೀತದ. ಅಲ್ಲಿ ಹೆಣ್ಮಕ್ಕಳು ಪರದಾದೊಳಗ ಇರ್ತಾರ. ಅವರು ಒಪ್ಪಿದ್ರಷ್ಟ ನನ್ನ ಸಹಿ."

ಗೋಡೆಯಾಚೆ ಇದ್ದ ನೆರೆಮನೆಯ ಫಾತಿಮಾ ಖಾಲಾಗೆ, "ವೆಂಟಿಲೇಶನ್ ಸಲುವಾಗಿ ರೀ" ಎಂದು ಕೂಗಿದೆ.

"ಅದೆಲ್ಲಾ ನಂಗ ತಿಳ್ಯಂಗಿಲ್ಲಪ್ಪಾ. ಬೆಳಕಿಗೆ ಯಾರು ಬ್ಯಾಡ ಅಂತಾರ? ನಿನ್ನ ತಲಿಗಿಂತ ಮ್ಯಾಲ ಇಡಸು."

ಓವರ್ಸಿಯರರು ನನ್ನನ್ನು ಗೋಡೆಗೆ ನಿಲ್ಲಿಸಿ, ನೆತ್ತಿಗಿಂತ ಮೇಲೆ ಗೋಡೆಗೆ ಸುಣ್ಣದ ಗೆರೆ ಎಳೆದು, "ತಲಿಗಿಂತ ಮ್ಯಾಲ ಆತ್ರಿ" ಎಂದು ಆಚೆಗೆ ಹೇಳಿದರು.

"ಸಾಹೇಬ್ರ, ಹುಡುಗ ಇನ್ನೂ ಬೆಳೀತಾನ. ಮತ್ತೆರಡು ಗೇಣು ಬಿಡ್ರಿ."

ಬಿಟ್ಟರು, ಸಹಿಯನ್ನೂ ಹಾಕಿದರು. ಕಿಟಕಿ ಇಟ್ಟರೆ ಬೆಳಕು ಧಾರಾಳವಾಗಿ ಬರುತ್ತದೆ. ನನಗಿಂತ ಅಪ್ಪನಿಗೇ ಹೆಚ್ಚು ಸಂತೋಷ. ಪುಸ್ತಕ ಬಿಟ್ಟು ನೋಡುವುದಕ್ಕೆ ನನಗಿನ್ನು ಆಕಾಶವೊಂದೇ ಉಳಿದಿದೆ.