ಖಾಲಿ ಕ್ಯಾನು ಹಿಡಿದು ನಿಂತವಳು

ಪರಿಶೀಲನೆಯ ತಂಡ ಬರುತ್ತದೆಂದು ಪ್ರಿನ್ಸಿಪಾಲರು ಕಾಲೇಜಿನ ಬೀರುಗಳನ್ನೆಲ್ಲ ಖಾಲಿ ಮಾಡಿಸುತ್ತಿದ್ದರು. ಕೆ.ಆರ್. ಪೇಟೆಯ ಆ ಕಾಲೇಜಿನಲ್ಲಿ ನಾನು ಕನ್ನಡ ಮೇಷ್ಟರು. ಸೃಜನಶೀಲ ಬರವಣಿಗೆ ಎಂಬ ವಿಷಯದ ಪಾಠವೂ ನನ್ನ ತಲೆಗೇ. ಬರೆಯುವುದನ್ನು ಹೇಳಿಕೊಡಲು ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ, ಏಕೆಂದರೆ ಉತ್ತರ ಗೊತ್ತಿಲ್ಲ. ಪ್ರತಿವರ್ಷ ಮೊದಲ ತರಗತಿಯಲ್ಲಿ ಒಂದೇ ಮಾತು ಹೇಳುತ್ತೇನೆ: ಕಣ್ಣಾರೆ ಕಂಡದ್ದನ್ನು ಬರೆಯಿರಿ, ಮಿಕ್ಕದ್ದು ತಾನಾಗಿ ಬರುತ್ತದೆ.

ಹಳೆಯ ಅಸೈನ್‌ಮೆಂಟುಗಳ ಕಟ್ಟು ಬಿಚ್ಚಿ ರದ್ದಿಗೆ ಹಾಕುತ್ತಿದ್ದಾಗ ಐದಾರು ವರ್ಷದ ಹಿಂದೆ ಒಬ್ಬ ಹುಡುಗಿ ಬರೆದ ನಾಲ್ಕು ಪುಟ ಸಿಕ್ಕಿತು. ಮನೆಯ ಹಸು ಮಾರಿದ ಮಾರನೆಯ ಬೆಳಿಗ್ಗೆ ಅವಳ ತಾಯಿ ಅಭ್ಯಾಸಬಲದಿಂದ ಖಾಲಿ ಕ್ಯಾನು ಹಿಡಿದು ಹಾಲಿನ ಡೈರಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಸರದಿ ಬಂದಾಗ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಮನೆಗೆ ಬರುತ್ತಾಳೆ. ಅಂಚಿನಲ್ಲಿ ನನ್ನದೇ ಕೆಂಪು ಶಾಯಿ: 'ಇದು ಕಂಡು ಬರೆದದ್ದು. ಶಹಬ್ಬಾಸ್.'

ಆ ಪುಟಗಳನ್ನು ರದ್ದಿಗೆ ಹಾಕದೆ ಚೀಲಕ್ಕೆ ಸೇರಿಸಿಕೊಂಡೆ. ಹೋದ ವರ್ಷದ ದೀಪಾವಳಿ ವಿಶೇಷಾಂಕವೊಂದರಲ್ಲಿ ತೀರಿಕೊಂಡ ನಮ್ಮ ಅವ್ವನ ಬಗ್ಗೆ ನಾನು ಬರೆದಿದ್ದೆ. ಅದರಲ್ಲಿ ಅವ್ವ, ಹಸು ಮಾರಿದ ಮಾರನೆಯ ದಿನ, ಖಾಲಿ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಂತಿದ್ದಳು. ಬರೆಯುವಾಗ ನಾನು ಅತ್ತಿದ್ದೆ. ಓದಿದವರು ಫೋನು ಮಾಡಿ ಅತ್ತಿದ್ದರು.

ಹಾಗಾದರೆ ನಾನು ಆ ಹುಡುಗಿಯಿಂದ ಕದ್ದೆನೇ? ಅಥವಾ ಇಬ್ಬರು ತಾಯಂದಿರೂ ಒಂದೇ ಕೆಲಸ ಮಾಡಿದರೇ? ಹಾಲು ಹಾಕುವ ಊರುಗಳಲ್ಲಿ ಅದೇನು ಆಗದ ಮಾತಲ್ಲ. ಗಂಜಾಂನ ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಣ್ಣು ಮುಚ್ಚಿ ಅವ್ವನನ್ನು ಹುಡುಕಿದೆ. ಮಾಕವಳ್ಳಿ ಹತ್ತಿರದ ನಮ್ಮೂರ ಡೈರಿ ಕಾಣಿಸಿತು, ಕ್ಯಾನು ಕಾಣಿಸಿತು, ಅವ್ವನ ಹಸಿರು ಸೀರೆಯೂ ಕಾಣಿಸಿತು. ಚೀಲದಿಂದ ಹುಡುಗಿಯ ಪುಟ ತೆಗೆದು ನೋಡಿದರೆ ಅಲ್ಲಿಯೂ ಹಸಿರು ಸೀರೆ.

ಹೆಂಡತಿಗೆ ಹೇಳಿದೆ. "ಯಾರಿಗೆ ಗೊತ್ತಾಗುತ್ತೆ, ಸುಮ್ನಿರಿ" ಎಂದಳು. ನನಗೆ ಗೊತ್ತಾಗಬೇಕಿತ್ತಲ್ಲ.

ಭಾನುವಾರ ನಾಗಮಂಗಲದ ಅಕ್ಕನ ಮನೆಗೆ ಹೋಗಿ ಕೇಳಿದೆ. "ನಿಂತಿದ್ಲು ಕಣ್ಲಾ," ಎಂದಳು ಅಕ್ಕ, ಅವರೆಕಾಯಿ ಸುಲಿಯುತ್ತಾ. "ನಾನೇ ಕೈ ಇಡ್ಕಂಡು ಕರ್ಕಂಡ್ ಬಂದೆ. ಎಲ್ಲಾ ನೋಡ್ತಾವ್ರೆ ಬಾರವ್ವ ಅಂದೆ."

ಎದೆಯ ಭಾರ ಇಳಿಯಿತು. ಎರಡು ಮುದ್ದೆ ಉಂಡೆ. ಬಸ್ ಸ್ಟ್ಯಾಂಡಿಗೆ ಬಂದಮೇಲೆ ಹೊಳೆಯಿತು: ಹಸು ಮಾರಿದ ಹೊತ್ತಿಗೆ ಅಕ್ಕನಿಗೆ ಮದುವೆಯಾಗಿ ಮೂರು ವರ್ಷ, ಅವಳು ನಾಗಮಂಗಲದಲ್ಲಿದ್ದಳು. ಅಲ್ಲಿಂದಲೇ ಫೋನು ಮಾಡಿ ಅದನ್ನು ಹೇಳಿದೆ. "ನೀನ್ ಬರ್ದಿರಾದ್ನ ಮೊಮ್ಮಗಳು ನಾಕು ಸಲ ಓದಿ ಹೇಳವ್ಳೆ. ಆವತ್ತಿಂದ ಕಣ್ಮುಂದೆ ಅಂಗೇ ಕಾಣ್ತದೆ. ನಾನು ಇರ್ಲಿಲ್ಲ ಅಂದ್ರೆ ಅವ್ವನ್ ಕೈ ಇಡಿದಿದ್ದು ಯಾರ್ಲಾ ಮತ್ತೆ?" ಎಂದು ನನ್ನನ್ನೇ ಕೇಳಿದಳು.

ಸೋಮವಾರ ತರಗತಿಯಲ್ಲಿ ಹೊಸ ಮಕ್ಕಳು ಪೆನ್ನು ಹಿಡಿದು ಕೂತಿದ್ದರು. ಕಣ್ಣಾರೆ ಕಂಡದ್ದನ್ನು ಎಂದು ಶುರು ಮಾಡಿದವನು ಅಲ್ಲಿಗೇ ನಿಂತೆ. ಹಾಜರಿ ಕೂಗಿ ತರಗತಿ ಬಿಟ್ಟುಬಿಟ್ಟೆ. ಮೇಷ್ಟರಿಗೆ ಹುಷಾರಿಲ್ಲ ಎಂದುಕೊಂಡರು.

ಇನ್ನು ಕೇಳಲು ಉಳಿದವಳು ಆ ಹುಡುಗಿ. ವಿಚಾರಿಸಿದರೆ, ಚಿನಕುರಳಿ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದಾಳೆಂದು ತಿಳಿಯಿತು. ಶನಿವಾರ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಹೋದೆ. ಸಂಜೆಯ ಹಾಲು ಅಳೆಯಲು ಅಣಿ ಮಾಡಿಕೊಳ್ಳುತ್ತಿದ್ದಳು. ದಾರಿಯಲ್ಲಿ ಮೂರು ಬಗೆಯ ಕ್ಷಮಾಪಣೆ ಜೋಡಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ನಿನ್ನ ತಾಯಿಯನ್ನು ನನ್ನ ತಾಯಿ ಎಂದು ಬರೆದುಬಿಟ್ಟೆನೇನೋ ಕಣಮ್ಮ ಎಂದಷ್ಟೇ ಅಂದೆ.

ಅವಳು ನಾಚಿಕೊಂಡಳು. "ನಮ್ಮವ್ವ ಎಲ್ಲಿ ನಿಂತಿದ್ರು ಸಾ? ನಮ್ಮನೇಲಿ ಹಸೂನೇ ಇರ್ಲಿಲ್ಲ. ಅಪ್ಪ ಅವ್ವ ಇಬ್ರೂ ಕಲ್ಲು ಕ್ವಾರಿಗೆ ಕೂಲಿಗೆ ಹೋಗೋರು. ನೀವು ಕಂಡಿದ್ದೇ ಬರೀಬೇಕು ಅಂದ್ರಿ, ನಂಗೇನೂ ಹೊಳೀಲಿಲ್ಲ, ಕಟ್ಟಿ ಬರ್ದ್‌ಬುಟ್ಟೆ. ನೀವು ಶಹಬ್ಬಾಸ್ ಅಂದಿದ್ದಕ್ಕೆ ಒಂಥರಾ ಕಸಿವಿಸಿ ಆಗ್ತಿತ್ತು. ಹೋದ್ ವರ್ಷ ನಿಮ್ದು ಓದಿದ್ಮೇಲೆ ಸಮಾಧಾನ ಆಯ್ತು. ನಾನ್ ಸುಳ್ಳು ಬರ್ದ್ರೂ ಎಲ್ಲೋ ಒಬ್ರು ನಿಜವಾಗ್ಲೂ ನಿಂತಿದ್ರಲ್ಲ ಅಂತ." ಕೈಯಲ್ಲಿದ್ದ ಅಳತೆಯ ಪಾತ್ರೆ ಕೆಳಗಿಟ್ಟು ನನ್ನ ಮುಖ ನೋಡಿದಳು. "ನಿಂತಿದ್ರು ತಾನೇ ಸಾ?"

ಹೂಂ ಎನ್ನಬಹುದಿತ್ತು. ಅವಳಿಗೆ ಬೇಕಾಗಿದ್ದುದೂ ಅಷ್ಟೇ. ಹಸು ಹೋದ ದಿನದ್ದು ನನಗೆ ಗಟ್ಟಿಯಾಗಿ ನೆನಪಿರುವುದು ಇಷ್ಟು: ಕೊಂಡವನು ತನ್ನ ಹಗ್ಗ ತಂದಿದ್ದ, ನಮ್ಮ ಹಗ್ಗ ಗೂಟದಲ್ಲೇ ಉಳಿಯಿತು, ಆ ದುಡ್ಡಿನಲ್ಲಿ ಇನ್ನು ನಾನು ಮೈಸೂರಿನ ಹಾಸ್ಟೆಲು ಸೇರುವುದು ಖಾತ್ರಿಯಾಯಿತೆಂದು ಒಳಗೊಳಗೇ ಖುಷಿಪಟ್ಟೆ. ಮಾರನೆಯ ಬೆಳಿಗ್ಗೆ ಟ್ರಂಕು ಒರೆಸುತ್ತಾ ಕೂತಿದ್ದೆ.

"ಗೊತ್ತಿಲ್ಲ ಕಣಮ್ಮ," ಎಂದೆ. "ನಾನು ಮನೇಲೇ ಇದ್ದೆ. ಅವ್ವನ ಕಡೆ ನೋಡ್ಲೇ ಇಲ್ಲ."